ಬೀಗರ ಕರೆಂಟು

ಹಲ್ಲು ಡಾಕ್ಟರಿಗೆ ಮಾತಿನ ಚಟ. ಆ ಚಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು ಅವರ ಕಸುಬು. ಬೇರೆ ಬಾಯಿಬಡುಕರು ಕೇಳುವವರನ್ನು ಹುಡುಕಿಕೊಂಡು ಅಲೆಯಬೇಕು. ಇವರಲ್ಲಿಗೆ ಕೇಳುವವರು ತಾವಾಗಿಯೇ ಬಂದು, ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು, ಎರಡೂ ಕೆನ್ನೆಗೆ ಹತ್ತಿ ತುಂಬಿಸಿಕೊಂಡು, ಅಲುಗಾಡದೆ ಕೇಳುತ್ತಿದ್ದರು. ಎದುರು ವಾದಿಸುವ ಪ್ರಶ್ನೆಯೇ ಇರಲಿಲ್ಲ. ಹಾಗೂ ವಾದಿಸಲೇಬೇಕೆಂದು ಹಟ ಹಿಡಿದು ಯಾರಾದರೂ ಹತ್ತಿಯ ನಡುವಿನಿಂದ ಗೊಣಗಿದರೆ ಡಾಕ್ಟರಿಗೆ ಅದೂ ಸಲೀಸಾಗಿ ಅರ್ಥವಾಗುತ್ತಿತ್ತು. ಹತ್ತಿ ಬಾಯಿಗಳ ಜೊತೆ ಏಗಿ ಏಗಿ ಅವರಿಗೆ ಆ ಭಾಷೆ ಕರಗತವಾಗಿಬಿಟ್ಟಿತ್ತು. "ಹಹಳ ಹೋವು" ಎಂದರೆ ಬಹಳ ನೋವು. "ಹಾಕು ಹಿಡಿ" ಎಂದರೆ ಸಾಕು ಬಿಡಿ. ಈ ಎರಡನೆಯದನ್ನು ಮಾತ್ರ ಅವರು ಬೇಕೆಂದೇ ಅರ್ಥ ಮಾಡಿಕೊಳ್ಳುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು. ಕಾಲಲ್ಲಿ ಒತ್ತಿದರೆ ಏರುವ ಹಳೆಯ ಕುರ್ಚಿ, ಅದರ ನೆತ್ತಿಗೆ ಒಂದು ದೊಡ್ಡ ದೀಪ, ಪಕ್ಕದಲ್ಲಿ ಬಾಯಿ ಮುಕ್ಕಳಿಸುವ ಬೇಸಿನ್ನು, ಕಿಟಕಿಯ ಮೇಲೆ ಬಂದವರನ್ನೆಲ್ಲ ನೋಡಿ ಕಿಸಿಯುವ ಪ್ಲಾಸ್ಟರಿನ ದವಡೆ. ಕಾಯುವವರ ಬೆಂಚು ಒಳಗೆ ಹಿಡಿಸದೆ ಹೊರಗಿತ್ತು. ಹೊರಗೆ ಭಾರಿ ಅತ್ತಿಮರವೊಂದಿತ್ತು. ಹಲ್ಲುನೋವಿನವರು ಅದರ ನೆರಳಲ್ಲಿ ಕೆನ್ನೆ ಹಿಡಿದುಕೊಂಡು ಕೂತಿರುತ್ತಿದ್ದರು, ಮೇಲೆ ಕೊಕ್ಕರೆಗಳು ಗೂಡು ಕಟ್ಟಿಕೊಂಡು ಜಗಳವಾಡುತ್ತಿದ್ದವು. ತಂಪು ಎಷ್ಟಿತ್ತೆಂದರೆ ಕ್ಲಿನಿಕ್ಕಿನ ಫ್ಯಾನಿಗೆ ಕೆಲಸವೇ ಇರಲಿಲ್ಲ.

ಆಮೇಲೆ ಲೈನು ಬಂತು. ಈ ದೇಶದಿಂದ ಗಡಿ ದಾಟಿ ಆ ದೇಶಕ್ಕೆ ಹೋಗುವ ದೊಡ್ಡ ಕರೆಂಟ್ ಲೈನು. ಅದು ಬರುವ ಮೊದಲು ಕಂಪನಿಯ ಅಧಿಕಾರಿಯೊಬ್ಬರು ಬೀದಿಯವರನ್ನೆಲ್ಲ ಶಾಲೆಯ ಹಾಲಿನಲ್ಲಿ ಕೂರಿಸಿ, ಇದು ಎರಡು ದೇಶಗಳ ನಡುವಿನ ಸ್ನೇಹದ ಸೇತುವೆ ಎಂದರು. ನಿಮ್ಮ ತಲೆಯ ಮೇಲಿಂದ ಹೋಗುತ್ತದೆ, ನಿಮಗೇನೂ ತೊಂದರೆಯಿಲ್ಲ ಎಂದರು. ಅವರು ಹೇಳಿದ್ದು ಕೂಡ ಹಾಗೆಯೇ ತಲೆಯ ಮೇಲಿಂದಲೇ ಹೋಯಿತು. ಸಭೆ ಮುಗಿದ ಮೇಲೆ ತಿಳಿದದ್ದು ಏನೆಂದರೆ, ಲೈನಿನ ಕೆಳಗೆ ಮಹಡಿ ಎಬ್ಬಿಸುವಂತಿಲ್ಲ, ಗಾಳಿಪಟ ಹಾರಿಸುವಂತಿಲ್ಲ, ಮತ್ತು ಅತ್ತಿಮರ ಇರುವಂತಿಲ್ಲ.

ಮರ ಉರುಳಿತು. ಕೊಕ್ಕರೆಗಳು ಅಲ್ಲೇ ಸುತ್ತು ಹಾಕಿ ಹಾಕಿ, ಕೊನೆಗೆ ಬೇರೆ ದಾರಿ ಕಾಣದೆ ಟವರ್ ಮೇಲೆಯೇ ಸಂಸಾರ ಹೂಡಿದವು. ನೆರಳು ಹೋದ ಮೇಲೆ ಕ್ಲಿನಿಕ್ಕು ಕಾದ ಹೆಂಚಾಯಿತು. ಸೆಖೆಗೆ ಫ್ಯಾನು ಬೇಕು, ಫ್ಯಾನಿಗೆ ಕರೆಂಟು ಬೇಕು. ಕರೆಂಟು ತಲೆಯ ಮೇಲೆ ಗುಂಯ್ ಎನ್ನುತ್ತ ಹೋಗುತ್ತಿತ್ತು, ಬೀದಿಗೆ ಮಾತ್ರ ಇಳಿಯುತ್ತಿರಲಿಲ್ಲ. ಲೈನು ಬಂದಾಗಿನಿಂದ ದಿನಾ ಸಂಜೆಯಾದರೆ ಬೀದಿಯೆಲ್ಲ ಕತ್ತಲೆ. ಕಂಪನಿಗೆ ಫೋನ್ ಮಾಡಿ ಕೇಳಿದರೆ ಒಮ್ಮೆ ರಿಪೇರಿ ಎನ್ನುತ್ತಿದ್ದರು, ಒಮ್ಮೆ ಕೊಕ್ಕರೆಯ ಹಿಕ್ಕೆ ಬಿದ್ದು ಕೆಟ್ಟಿತು ಎನ್ನುತ್ತಿದ್ದರು. ಕೊಕ್ಕರೆಗಳ ಮನೆ ಕಡಿದವರೇ ಕೊಕ್ಕರೆಗಳ ಮೇಲೆ ದೂರು ಹೇಳುತ್ತಿದ್ದರು. ನಾಚಿಕೆ ಅನ್ನುವುದನ್ನು ಕೆಲವರು ಮಾರಿಕೊಂಡೇ ಹುಟ್ಟಿರುತ್ತಾರೆ.

ಬೀದಿಯವರಿಗೆ ಬೈಯಲು ಯಾರಾದರೂ ಬೇಕಿತ್ತು. ಕಂಪನಿ ದೂರದಲ್ಲಿತ್ತು, ಡಾಕ್ಟರು ಹತ್ತಿರದಲ್ಲಿದ್ದರು. ಸಾಲದ್ದಕ್ಕೆ ಅವರ ಒಬ್ಬಳೇ ಮಗಳನ್ನು ಕೊಟ್ಟಿದ್ದು ಗಡಿಯಾಚೆಯ ಊರಿಗೆ. ಗಡಿ ಎಂದರೆ ಬಸ್ಸಿನಲ್ಲಿ ಒಂದು ಕೋಳಿನಿದ್ದೆಯ ದೂರ. ಎರಡೂ ಕಡೆ ಮಾತು ಒಂದೇ, ಹಲ್ಲುನೋವೂ ಒಂದೇ. ಅಳಿಯನ ತಂದೆ, ಅಂದರೆ ಡಾಕ್ಟರ ಬೀಗರು, ಅಲ್ಲಿ ಐಸ್ ಫ್ಯಾಕ್ಟರಿ ಇಟ್ಟುಕೊಂಡಿದ್ದರು.

ಈ ಬೀಗರಿಬ್ಬರ ನಡುವೆ ಮದುವೆಯ ದಿನದಿಂದಲೇ ಮಾತಿಲ್ಲ. ಅದಕ್ಕೂ ಕಾರಣ ಡಾಕ್ಟರ ಬಾಯಿಯೇ. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗಿ ಎಂದಾಗ ಬೀಗರು ಬಾಯಿ ತುಂಬ ನಕ್ಕರು. ಡಾಕ್ಟರು ಪಕ್ಕದಲ್ಲಿ ನಿಂತು ಇಣುಕಿ ನೋಡಿ, ನೂರು ಜನ ಕೇಳುವ ಹಾಗೆ, "ಬೀಗರೇ, ಆ ಎಡಗಡೆ ಕೆಳದವಡೆ ಹಲ್ಲು ಹುಳುಕಾಗಿದೆ. ತೆಗೆಸಿಬಿಡಿ, ಇಲ್ಲಾಂದ್ರೆ ಒಂದಿನ ಕಣ್ಣೀರು ಹಾಕಿಸುತ್ತೆ" ಎಂದರು. ಆಲ್ಬಮ್ಮಿನಲ್ಲಿ ಅಲ್ಲಿಂದ ಮುಂದಿನ ಎಲ್ಲ ಫೋಟೋಗಳಲ್ಲೂ ಬೀಗರು ಬೀಗ ಜಡಿದ ಬಾಯಿಯಲ್ಲಿಯೇ ಇದ್ದಾರೆ.

ಬೀದಿಯ ಮೂಲೆಯಲ್ಲಿ ಪಂಚರ್ ಹಾಕುವವನನ್ನು ಎಲ್ಲರೂ ಟೈರಣ್ಣ ಎನ್ನುತ್ತಿದ್ದರು. ಒಂದು ಸಂಜೆ ಕರೆಂಟು ಹೋದಾಗ ಅವನು ಅಲ್ಲಿಂದಲೇ ಕೂಗಿದ: "ಡಾಕ್ಟ್ರೇ, ನಿಮ್ಮ ಬೀಗರು ಅಲ್ಲಿ ಸ್ವಿಚ್ ಹಾಕಿದ್ರು ಅಂತ ಕಾಣುತ್ತೆ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಡಾಕ್ಟರು ಉಬ್ಬಿಹೋದರು.

"ಹೂಂ ಕಣಯ್ಯ, ಮಗಳಿಗೆ ಬಳುವಳಿ ಕೊಟ್ಟಿದ್ದೀನಿ. ಚಿನ್ನ ಯಾರು ಬೇಕಾದ್ರೂ ಕೊಡ್ತಾರೆ. ಕರೆಂಟ್ ಕೊಟ್ಟ ಅಪ್ಪನ್ನ ಎಲ್ಲಾದ್ರೂ ನೋಡಿದ್ದೀಯಾ?"

ಬೀದಿ ನಕ್ಕಿತು. ಅಷ್ಟು ಸಾಕಾಯಿತು. ಅಂದಿನಿಂದ ಕರೆಂಟು ಹೋದಾಗಲೆಲ್ಲ, ಹಲ್ಲು ಕೊರೆಯುವ ಯಂತ್ರ ರೋಗಿಯ ಬಾಯಲ್ಲೇ ನಿಂತು ಹೋದಾಗಲೆಲ್ಲ, ಡಾಕ್ಟರು ಆ ಕತ್ತಲಲ್ಲಿ ಇದೇ ಬಳುವಳಿ ಪುರಾಣ ತೆಗೆಯುತ್ತಿದ್ದರು. ದಿನದಿಂದ ದಿನಕ್ಕೆ ಅದಕ್ಕೆ ಕೈಕಾಲು ಬೆಳೆಯಿತು. ಬೀಗರ ಐಸ್ ಫ್ಯಾಕ್ಟರಿ ನಡೆಯುತ್ತಿರುವುದೇ ನಮ್ಮ ಕರೆಂಟಿನಲ್ಲಿ ಎಂಬಲ್ಲಿಗೆ ಬಂದು ನಿಂತಿತು. ಕೇಳಿದ ಹತ್ತಿ ಬಾಯಿಗಳಲ್ಲಿ ಒಂದು ಗಡಿಯಾಚೆಯದು. ಅದು ಹತ್ತಿ ಉಗುಳಿ, ಬಸ್ಸು ಹತ್ತಿ, ಅಲ್ಲಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿತು.

ಮಗಳು ಆಗ ತುಂಬಿದ ಬಸುರಿ. ಹೆರಿಗೆಗೆ ಅಮ್ಮನ ಹತ್ತಿರ ಬರುತ್ತಾಳೆಂದು ಡಾಕ್ಟರ ಹೆಂಡತಿ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಮಂಚಕ್ಕೆ ಸೊಳ್ಳೆಪರದೆ ಕಟ್ಟಿ, ಹಳೆಯ ಹತ್ತಿಬಟ್ಟೆಗಳನ್ನು ತೊಳೆದು ಮಡಚಿಟ್ಟಿದ್ದರು. ದಿನಕ್ಕೊಮ್ಮೆ ಆ ಕೋಣೆಗೆ ಹೋಗಿ, ಸರಿಯಾಗಿಯೇ ಇರುವ ದಿಂಬನ್ನು ಮತ್ತೆ ಸರಿಮಾಡಿ ಬರುತ್ತಿದ್ದರು. ಅಂಥ ಹೊತ್ತಿನಲ್ಲಿ ಮಗಳ ಫೋನ್ ಬಂತು.

"ಅಪ್ಪಾ, ಕರೆಂಟ್ ಬಳುವಳಿ ಕೊಟ್ಟಿದ್ದೀನಿ ಅಂತ ಊರೆಲ್ಲ ಹೇಳ್ಕೊಂಡು ಬರ್ತಿದ್ದೀಯಂತೆ."

"ತಮಾಷೆಗೆ ಕಣಮ್ಮ."

"ಇಲ್ಲಿ ಯಾರಿಗೂ ನಗು ಬರ್ಲಿಲ್ಲ. ಮಾವ ತಟ್ಟೆ ಬಿಟ್ಟು ಎದ್ದು ಹೋದ್ರು. ಕರೆಂಟೆಲ್ಲ ಕೊಟ್ಬಿಟ್ಟಿದ್ರೆ ಅವರ ಮನೆ ಕತ್ತಲೆ ತಾನೆ, ಅಂಥ ಮನೆಗೆ ಬಸುರಿ ಸೊಸೇನ ಕಳಿಸಲ್ಲ, ಹೆರಿಗೆ ಇಲ್ಲೇ ಆಗ್ಲಿ ಅಂದ್ಬಿಟ್ರು. ಅವರು ಕೋಪದಲ್ಲಿ ಹೇಳಿದ್ದು ಅಂತ ನಂಗೂ ಗೊತ್ತು. ಆದ್ರೆ ಕೋಪ ಬರ್ಸಿದ್ದು ಯಾರು?" ಅವಳು ಅಳತೊಡಗಿದಳು. "ನಂಗೆ ಅಮ್ಮ ಬೇಕಪ್ಪ. ನೀನು ಸ್ವಲ್ಪ ಬಾಯಿ ಮುಚ್ಚು. ಅದೂ ಅಲ್ದೆ ಇಲ್ಲಿ ಕೂಡ—"

ಅಷ್ಟರಲ್ಲಿ ಡಾಕ್ಟರ ಫೋನು ಚಾರ್ಜ್ ಇಲ್ಲದೆ ಕಣ್ಣು ಮುಚ್ಚಿತು. ಅಲ್ಲಿ ಕೂಡ ಏನು ಎಂಬುದು ಅಲ್ಲೇ ಉಳಿಯಿತು.

ಹೆಂಡತಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೂಗಾಡಲಿಲ್ಲ. ಕ್ಲಿನಿಕ್ಕಿನೊಳಗೆ ಹೋಗಿ, ಹತ್ತಿ ಉಂಡೆಗಳ ಗಾಜಿನ ಡಬ್ಬಿಯನ್ನು ತಂದು ಗಂಡನ ಮುಂದಿಟ್ಟರು.

"ರೀ, ನೀವು ಬಂದವರಿಗೆಲ್ಲ ಬಾಯಿ ತೆಗೀರಿ ಅಂತೀರಿ. ನಿಮಗೆ ಬಾಯಿ ಮುಚ್ಚಿ ಅನ್ನೋರು ಒಬ್ರೂ ಇಲ್ದೆ ಹೀಗಾಯ್ತು. ಇವತ್ತಿಂದ ನಾನಿದ್ದೀನಿ. ಇನ್ನೊಂದ್ಸಲ ಬೀಗರ ಸುದ್ದಿ ಎತ್ತಿದ್ರೆ ಈ ಹತ್ತಿ ನಿಮ್ಮ ಬಾಯಿಗೆ."

ಡಾಕ್ಟರಿಗೆ ಅಂದು ಊಟ ಸೇರಲಿಲ್ಲ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಖಾಲಿ ಮಂಚ ನೋಡಿದರು. ನಾಲ್ಕು ಜನ ನಕ್ಕರು ಎಂಬ ಖುಷಿಗೆ ಮಗಳನ್ನು ಅಳಿಸಿದೆನಲ್ಲ ಎಂದುಕೊಂಡರು. ಫೋನ್ ಮಾಡಿ ಬೀಗರ ಕ್ಷಮೆ ಕೇಳೋಣವೆಂದರೆ ತಮ್ಮ ನಾಲಿಗೆಯ ಮೇಲೆ ತಮಗೇ ನಂಬಿಕೆಯಿರಲಿಲ್ಲ. ಕ್ಷಮೆ ಕೇಳುತ್ತ ಕೇಳುತ್ತ ಇನ್ನೇನೋ ಅಂದುಬಿಟ್ಟರೆ? ಹಾಗಾಗಿ ಸುಮ್ಮನಿರಲು ಕಲಿತರು. ರೋಗಿಗಳಿಗೆ ಭಯವಾಯಿತು. ಡಾಕ್ಟರು ಮಾತಾಡುತ್ತಿಲ್ಲವೆಂದರೆ ತಮ್ಮ ಹಲ್ಲಿಗೆ ಏನೋ ದೊಡ್ಡದೇ ಆಗಿರಬೇಕೆಂದು ಇಬ್ಬರು ಅರ್ಧಕ್ಕೇ ಎದ್ದು ಹೋದರು.

ಈ ನಡುವೆ ಟೈರಣ್ಣ ಒಂದು ಹೊಸ ಸಂಗತಿ ಕಂಡುಹಿಡಿದ. ಸುಟ್ಟುಹೋದ ಟ್ಯೂಬ್‌ಲೈಟೊಂದನ್ನು ಎಸೆದು ಬರೋಣವೆಂದು ಮುಸ್ಸಂಜೆಯಲ್ಲಿ ಲೈನಿನ ಕೆಳಗೆ ಹೋಗುತ್ತಿದ್ದಾಗ, ಅದು ಕೈಯಲ್ಲೇ ಮಿಣುಕ್ಕನೆ ಹೊತ್ತಿಕೊಂಡಿತು. ವೈರಿಲ್ಲ, ಸ್ವಿಚ್ಚಿಲ್ಲ. ಟೈರಣ್ಣ ಅದನ್ನು ಬಿಸಾಕಿ, ಚಪ್ಪಲಿಯನ್ನೂ ಬಿಟ್ಟು ಓಡಿದ. ಮಾರನೆಯ ದಿನ ಕುತೂಹಲ ತಡೆಯದೆ ಇನ್ನೊಂದು ಹಿಡಿದು ಬಂದ, ಅದೂ ಹೊತ್ತಿತು. ತಲೆಯ ಮೇಲಿನ ಲೈನಿನಲ್ಲಿ ಅಷ್ಟು ಬಿರುಸು ಇತ್ತು, ಕೆಳಗಿನ ಗಾಳಿಗೂ ಅದರ ಎಂಜಲು ಸೋರುತ್ತಿತ್ತು. ಬೆಳಕು ಹೆಚ್ಚೇನಿಲ್ಲ, ನೀರು ಬೆರೆಸಿದ ಹಾಲಿನ ಹಾಗೆ. ಆದರೂ ಸಂಜೆ ಬಿದ್ದುಹೋದ ನಟ್ಟು ಹುಡುಕಲು ಟೈರಣ್ಣನಿಗೆ ಅಷ್ಟು ಸಾಕಿತ್ತು. ಬೀದಿಯವರು ಕೆಟ್ಟ ಟ್ಯೂಬುಗಳನ್ನು ಎಸೆಯುವುದನ್ನು ನಿಲ್ಲಿಸಿದರು.

ಹೀಗಿರುವಾಗ ಒಂದು ಸಂಜೆ, ಕ್ಲಿನಿಕ್ಕಿನ ಬಾಗಿಲಲ್ಲಿ ಬೀಗರು ನಿಂತಿದ್ದರು. ಎಡಗೆನ್ನೆ ಬನ್ನಿನಂತೆ ಊದಿತ್ತು. ಟವೆಲಿನಲ್ಲಿ ಐಸ್ ಸುತ್ತಿ ಕೆನ್ನೆಗೆ ಒತ್ತಿಕೊಂಡಿದ್ದರು, ಅದು ಕರಗಿ ಅಂಗಿಯ ತೋಳೆಲ್ಲ ಒದ್ದೆಯಾಗಿತ್ತು. ಸ್ವಂತ ಫ್ಯಾಕ್ಟರಿಯ ಐಸು.

"ನಿಮ್ಮ ಮುಖ ನೋಡೋಕೆ ಬಂದಿಲ್ಲ," ಎಂದರು ಬೀಗರು, ಬಾಯಿ ಅರ್ಧ ಮಾತ್ರ ತೆರೆದು. "ಸೊಸೆ ಅತ್ತಳು, ಅದಕ್ಕೆ ಬಂದೆ. ನಮ್ಮ ಕಡೆ ಡಾಕ್ಟ್ರು ನಾಳೆ ಬನ್ನಿ, ನಾಳೆ ಬನ್ನಿ ಅಂತಾನೆ. ನಂಗೆ ತಡಿಯೋಕೆ ಆಗ್ತಿಲ್ಲ. ಹೇಗೂ ನಮ್ಮ ಕರೆಂಟೆಲ್ಲ ಬರೋದು ನಿಮ್ಮಲ್ಲಿಗೇ ತಾನೆ. ನಮ್ಮ ಕರೆಂಟಲ್ಲೇ ನನ್ನ ಹಲ್ಲು ತೆಗೆದುಬಿಡಿ."

ನಮ್ಮ ಕರೆಂಟೇ? ಡಾಕ್ಟರ ನಾಲಿಗೆಯ ತುದಿಗೆ ಒಂದು ಮಾರುದ್ದ ಉತ್ತರ ಬಂದು ಕೂತಿತು. ಒಳಬಾಗಿಲಲ್ಲಿ ಹೆಂಡತಿ ಹತ್ತಿಯ ಡಬ್ಬಿಯ ಮೇಲೆ ಕೈಯಿಟ್ಟು ನಿಂತಿದ್ದರು. ಡಾಕ್ಟರು ಉಗುಳು ನುಂಗಿದರು.

"ಕೂತ್ಕೊಳ್ಳಿ ಬೀಗರೇ. ಬಾಯಿ ತೆಗೀರಿ."

ಅದೇ ಹಲ್ಲು. ಎಡಗಡೆ, ಕೆಳದವಡೆ, ಮದುವೆಯ ಫೋಟೋದಲ್ಲಿ ಇಣುಕಿ ನೋಡಿದ ಅದೇ ಹುಳುಕು. ನಾನು ಅವತ್ತೇ ಹೇಳಿದ್ದೆ ಎಂಬ ಮಾತನ್ನು ಹೇಳದೆ ಇರುವುದಕ್ಕೆ ಡಾಕ್ಟರು ತಮ್ಮ ಜೀವಮಾನದ ಅಷ್ಟೂ ಶಕ್ತಿಯನ್ನು ಖರ್ಚು ಮಾಡಬೇಕಾಯಿತು. ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಬಂತು. ಹೇಳಲಿಲ್ಲ. ಒಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತುಟಿ ಜೋಮು ಹಿಡಿಯುವವರೆಗೆ ಕಾದು, ಇಕ್ಕಳ ಕೈಗೆತ್ತಿಕೊಂಡು ದೀಪವನ್ನು ಹತ್ತಿರಕ್ಕೆ ಎಳೆದರು.

ದೀಪ ಆರಿತು. ಫ್ಯಾನು ಒಂದೆರಡು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು.

"ಏನಾಯ್ತು?" ಎಂದರು ಬೀಗರು ಕತ್ತಲಲ್ಲಿ.

"ಕರೆಂಟ್ ಹೋಯ್ತು."

"ಎಲ್ಲಿಗೆ?"

"ಇನ್ನೆಲ್ಲಿಗೆ, ನಿಮ್ಮ ಕಡೆಗೆ."

ಬೀಗರು ಕುರ್ಚಿಯಲ್ಲಿ ಎದ್ದು ಕೂತರು. ತುಟಿ ಜೋಮು ಹಿಡಿದು ಮಾತು ತೊದಲುತ್ತಿತ್ತು, ಆದರೂ ಒಂದೊಂದೂ ತಿಳಿಯುವ ಹಾಗಿತ್ತು. "ನಮ್ಮ ಕಡೆಗೆ ಎಲ್ರೀ ಬಂತು? ಲೈನ್ ಹಾಕ್ದಾಗಿಂದ ನಮ್ಮಲ್ಲಿ ದಿನಾ ಸಂಜೆ ಕತ್ತಲೆ. ಆ ಡಾಕ್ಟ್ರು ನಾಳೆ ಬನ್ನಿ ಅನ್ನೋದು ಮತ್ಯಾಕೆ? ನನ್ನ ಫ್ಯಾಕ್ಟರೀಲಿ ಐಸು ಅರ್ಧಕ್ಕರ್ಧ ನೀರಾಗಿ ಹೋಗ್ತಿದೆ. ಫ್ಯಾಕ್ಟರಿ ಹಿಂದಿನ ಮಾವಿನ ಮರಗಳನ್ನೆಲ್ಲ ಕಡಿದು ಟವರ್ ನಿಲ್ಸಿದ್ದಾರೆ. ನಮ್ಮ ಬೀದಿಯವರು ಕರೆಂಟ್ ಹೋದ ಕೂಡ್ಲೆ ನಂಗೆ ಏನಂತಾರೆ ಗೊತ್ತಾ? ನಿಮ್ಮ ಸೊಸೆ ತವರಿಗೆ ಕಳಿಸಿದ್ಲು ಅಂತಾರೆ. ಅಂಥಾದ್ರಲ್ಲಿ ನೀವು ಇಲ್ಲಿ ಬಳುವಳಿ ಕೊಟ್ಟೆ ಅಂತ ಜಂಭ ಕೊಚ್ಕೊಂಡ್ರೆ ನನಗೆ ಹೇಗಾಗ್ಬೇಡ?"

ಫೋನಿನಲ್ಲಿ ಇಲ್ಲಿ ಕೂಡ ಎಂದು ಮಗಳು ಹೇಳಹೊರಟಿದ್ದು ಏನೆಂದು ಡಾಕ್ಟರಿಗೆ ಈಗ ತಿಳಿಯಿತು.

ಒಳಬಾಗಿಲ ಕಡೆಯಿಂದ ಹೆಂಡತಿಯ ಮಾತು ಬಂತು. "ಹಾಗಾದ್ರೆ ಇಷ್ಟು ದಿನ ನೀವಿಬ್ರೂ ಕತ್ತಲಲ್ಲೇ ಕೂತು, ಎದುರಿನವ್ರ ಮನೇಲಿ ದೀಪ ಉರೀತಿದೆ ಅಂತ ಹೊಟ್ಟೆ ಉರ್ಕೊಂಡ್ರಾ?"

ಲೈನು ಹೊರಗೆ ಗುಂಯ್ ಎನ್ನುತ್ತಲೇ ಇತ್ತು. ಅದರ ಎರಡು ತುದಿಯಲ್ಲಿ ಎರಡು ದೊಡ್ಡ ಪಟ್ಟಣಗಳಿದ್ದವು. ಅವರಿಗೆ ಬೇಕಾದಾಗ ಇವರು, ಇವರಿಗೆ ಬೇಕಾದಾಗ ಅವರು ಕೊಟ್ಟು ತಂದು ಮಾಡಿಕೊಂಡು ಸುಖವಾಗಿದ್ದರು. ನಿಜವಾದ ಬೀಗರು ಅವರೇ. ನಡುವಿನ ಊರುಗಳದ್ದು ಮರ ಕೊಟ್ಟು ಮೇಲೆ ನೋಡುವ ಕೆಲಸ.

ಆದರೆ ಹಲ್ಲು ಕಾಯುವುದಿಲ್ಲ. ಇಂಜೆಕ್ಷನ್ನಿನ ಜೋಮು ಇಳಿಯುವ ಮೊದಲು ತೆಗೆಯಬೇಕು. ಫೋನಿನ ಟಾರ್ಚ್ ಹಾಕೋಣವೆಂದರೆ ಮನೆಯ ಫೋನುಗಳೆಲ್ಲ ಚಾರ್ಜಿಲ್ಲದೆ ಮಲಗಿದ್ದವು. ಮೇಣದಬತ್ತಿ ಹಿಡಿದರೆ ಡಾಕ್ಟರ ಕೈಯ ನೆರಳೇ ಬೀಗರ ಬಾಯಿ ತುಂಬುತ್ತಿತ್ತು. ಬೀಗರು ಅದರ ಬಿಸಿಗೆ ಮುಖ ಬೇರೆ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಕಿಟಕಿಯ ಪ್ಲಾಸ್ಟರ್ ದವಡೆಯ ಪಕ್ಕ ಟೈರಣ್ಣನ ತಲೆ ಕಾಣಿಸಿತು. ಬೀದಿಯ ಒಂದು ಮಾತೂ ಅವನ ಕಿವಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

"ಡಾಕ್ಟ್ರೇ, ಬೀಗರನ್ನ ಹೊರಗೆ ಕರ್ಕೊಂಡು ಬನ್ನಿ. ಲೈನ್ ಕೆಳಗೆ."

ಕಡಿದ ಅತ್ತಿಮರದ ಬುಡ ಇನ್ನೂ ಅಲ್ಲೇ ಇತ್ತು, ಮಂಚದಷ್ಟು ಅಗಲ. ಅದರ ಮೇಲೆ ಬೀಗರನ್ನು ಕೂರಿಸಿದರು. ಡಾಕ್ಟರ ಹೆಂಡತಿ ಅವರ ತಲೆಯನ್ನು ಹಿಂದಿನಿಂದ ಆನಿಸಿ ಹಿಡಿದರು. ಟೈರಣ್ಣ ಬಾಗಿಲು ಬಾಗಿಲಿಗೆ ಹೋಗಿ ಕೂಗಿದ. ಇಷ್ಟು ದಿನ ಡಾಕ್ಟರನ್ನು ಬೈದ ಬೀದಿಯೇ ಎದ್ದು ಬಂತು. ದರ್ಜಿ ಬಂದ, ದಿನಸಿ ಅಂಗಡಿಯವಳು ಬಂದಳು, ಅರ್ಧ ಕೊರೆದ ಹಲ್ಲಿನಲ್ಲೇ ಎದ್ದು ಹೋಗಿದ್ದ ಇಬ್ಬರೂ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಸತ್ತ ಟ್ಯೂಬು. ಸುತ್ತ ನಿಂತು ಎತ್ತಿ ಹಿಡಿದರು. ಟ್ಯೂಬುಗಳು ಒಂದೊಂದಾಗಿ ಮಿಣುಕಿ, ತಡವರಿಸಿ, ಕೊನೆಗೆ ಒಟ್ಟಾಗಿ ಹೊತ್ತಿಕೊಂಡವು. ಬೀಗರ ಹುಳುಕು ಹಲ್ಲು ಹುಣ್ಣಿಮೆಯಲ್ಲಿ ಕಂಡ ಹಾಗೆ ಕಂಡಿತು.

"ಅಲುಗಾಡ್ಬೇಡಿ," ಎಂದರು ಡಾಕ್ಟರು. ಬೀಗರಿಗೆ ಹೇಳಿದ್ದು, ಇಡೀ ಬೀದಿ ಉಸಿರು ಬಿಗಿಹಿಡಿದು ನಿಂತಿತು. ಟವರ್ ಮೇಲಿನ ಕೊಕ್ಕರೆಯೊಂದು ಡಾಕ್ಟರ ಹೆಗಲಿಗೆ ಸರಿಯಾಗಿ ಗುರಿಯಿಟ್ಟು ತನ್ನ ಪಾಲಿನದನ್ನು ಹಾಕಿತು. ಡಾಕ್ಟರು ಅದಕ್ಕೂ ಏನೂ ಅನ್ನಲಿಲ್ಲ. ಇಕ್ಕಳ ಕಚ್ಚಿಸಿ, ಆಚೆಗೊಮ್ಮೆ ಈಚೆಗೊಮ್ಮೆ ಸಡಿಲಿಸಿ, ಒಂದೇ ಎಳೆತಕ್ಕೆ ಹಲ್ಲನ್ನು ಹೊರಗೆ ತಂದರು. ಬೀದಿ ಚಪ್ಪಾಳೆ ಹೊಡೆಯಲು ಹೋಗಿ, ಕೈಯಲ್ಲಿ ಟ್ಯೂಬಿರುವುದು ನೆನಪಾಗಿ ನಿಲ್ಲಿಸಿತು.

ಡಾಕ್ಟರು ಗಾಯಕ್ಕೆ ಹತ್ತಿ ಇಟ್ಟು ಕಚ್ಚಿಕೊಳ್ಳಿ ಎಂದರು. ಬೀಗರು ಕಚ್ಚಿಕೊಂಡು ಸುತ್ತಲಿನ ಬೆಳಕನ್ನು ನೋಡಿದರು.

"ಹೀ ಹೆಳಕು ಯಾಹದ್ದು?" ಎಂದರು. "ನಿಂಹದಾ, ನಂಹದಾ?"

"ಮೆಲ್ಲಗೆ ಕೇಳಿ ಬೀಗರೇ. ಕಂಪನಿಗೆ ಗೊತ್ತಾದ್ರೆ ಬಿಲ್ ಕಳಿಸ್ತಾರೆ."

ಬೀಗರ ಭುಜ ಕುಣಿಯಿತು. ಹತ್ತಿ ಬೀಳದ ಹಾಗೆ ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು, ಮದುವೆಯ ಆ ಫೋಟೋದ ನಂತರ ಮೊದಲ ಸಲ, ಡಾಕ್ಟರ ಎದುರಿಗೆ ಬಾಯಿ ತುಂಬ ನಕ್ಕರು. ಆಮೇಲೆ ಕೈ ಚಾಚಿ ಫೋನು ಬೇಕೆಂದು ಸನ್ನೆ ಮಾಡಿದರು. ಟೈರಣ್ಣನ ಫೋನಿನಲ್ಲಿ ಕೊನೆಯ ಗುಟುಕು ಜೀವವಿತ್ತು. ಬೀಗರು ಸೊಸೆಗೆ ಫೋನ್ ಹಚ್ಚಿದರು.

"ಹಲೋ, ಮಾವ? ಹಲ್ಲು ತೆಗೆಸಿದ್ರಾ? ನೋವು ಹೇಗಿದೆ?" ಮಗಳ ದನಿ ಎಲ್ಲರಿಗೂ ಕೇಳಿಸಿತು.

"ಹಟ್ಟೆ ಹುಂಹ್ಕೊಂಹ್ ಇಹಹ್ಹಾ," ಎಂದರು ಬೀಗರು.

"ಏನು ಮಾವ? ಒಂದೂ ತಿಳೀತಿಲ್ಲ."

ಬೀಗರು ಇನ್ನೂ ಜೋರಾಗಿ ಅದನ್ನೇ ಹೇಳಿದರು. ಅವಳಿಗೆ ಇನ್ನೂ ಕಡಿಮೆ ತಿಳಿಯಿತು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗರು ಸೋತು, ಫೋನನ್ನು ಡಾಕ್ಟರ ಕೈಗಿಟ್ಟು, ಹೇಳಿ ಎಂಬಂತೆ ತಲೆಯಾಡಿಸಿದರು. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದರು. ಆ ಬಾಯಿಗೆ ಫೋನು ಕೊಡುವುದೆಂದರೆ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಬೀಗರು ಒಂದೊಂದೇ ಮಾತನ್ನು ಹತ್ತಿಯ ನಡುವಿನಿಂದ ಹೊರಗೆ ಬಿಟ್ಟರು. ಡಾಕ್ಟರು ಒಂದೊಂದನ್ನೇ ಒರೆಸಿ ಫೋನಿಗೆ ಕೊಟ್ಟರು.

"ಬಟ್ಟೆ ತುಂಬ್ಕೊಂಡಿರಮ್ಮಾ. ನಾಳೆ ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಅಲ್ಲೂ ಕತ್ತಲೆ, ಇಲ್ಲೂ ಕತ್ತಲೆ. ಇರೋದೇ ಆದ್ರೆ ನಿಮ್ಮಮ್ಮನ ಹತ್ರದ ಕತ್ತಲಲ್ಲಿ ಇರು."

ಕೊನೆಯ ಮಾತಿಗೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ತುದಿಯಲ್ಲಿ ಮಗಳಿಗೆ ನಂಬಿಕೆ ಬರಲಿಲ್ಲ.

"ಅಪ್ಪಾ, ನಿಜ ಹೇಳು. ಇದು ಮಾವ ಹೇಳಿದ್ದಾ, ನೀನು ಸೇರ್ಸಿದ್ದಾ?"

ಡಾಕ್ಟರು ಬೀಗರನ್ನು ನೋಡಿದರು. ಬೀಗರು ಹತ್ತಿ ಕಚ್ಚಿಕೊಂಡು ಅವರನ್ನೇ ನೋಡುತ್ತಿದ್ದರು. ಆ ಹೊತ್ತಿಗೆ ಹೇಳಲು ಡಾಕ್ಟರ ಬಳಿ ಬೇಕಾದಷ್ಟಿತ್ತು: ಟ್ಯೂಬಿನ ಬೆಳಕಿತ್ತು, ಕೊಕ್ಕರೆಯಿತ್ತು, ಒಂದೇ ಎಳೆತಕ್ಕೆ ಬಂದ ಹಲ್ಲಿತ್ತು, ಅವತ್ತೇ ಹೇಳಿದ್ದೆ ಎಂಬ ಆ ಮಾತಂತೂ ಇದ್ದೇ ಇತ್ತು.

"ಒಂದಕ್ಷರಾನೂ ನಂದಲ್ಲ ಕಣಮ್ಮ," ಎಂದು ಹೇಳಿ ಬಾಯಿ ಮುಚ್ಚಿಕೊಂಡರು.